ಊಟದ ತಾರೀಕೋ, ತಿಂಡಿಯ ತಾರೀಕೋ?

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ತಾರೀಕು ನೋಡುವುದೇ ನನ್ನ ಕೆಲಸವಾಗಿತ್ತು. ಚೆಕ್ಕಿನ ಮೇಲೆ ಮುಂದಿನ ವಾರದ ತಾರೀಕು ಇದ್ದರೆ ವಾಪಸ್, ಅವಧಿ ಮೀರಿದ್ದರೆ ವಾಪಸ್. ಎಷ್ಟು ಜನ ಬೈದುಕೊಂಡು ಹೋಗಿದ್ದಾರೋ ಲೆಕ್ಕವಿಲ್ಲ. ಅಂಥ ನಾನು ನಮ್ಮ ಮನೆಯ ಐದು ಜನರನ್ನು ಅರ್ಧರಾತ್ರಿಯಲ್ಲಿ ದಾವಣಗೆರೆ ಸ್ಟೇಷನ್ನಿನಲ್ಲಿ ನಿಲ್ಲಿಸಿದ ಕಥೆಯನ್ನು ಈ ವಾರ ಹೇಳಲೇಬೇಕು. ರಜೆ ಬರುತ್ತಿದೆ. ನಿಮ್ಮಲ್ಲೂ ಯಾರಾದರೂ ಟಿಕೆಟ್ ಮಾಡಿಸುತ್ತಿರಬಹುದು.

ಮೈಸೂರಿಗೆ ಎರಡು ದಿನ ಹೋಗಿಬರುವುದೆಂದು ಗೊತ್ತಾಗಿತ್ತು. ಮಗನಿಗೆ ಶನಿವಾರ, ಭಾನುವಾರದ ಜೊತೆ ಸೋಮವಾರ ಒಂದು ದಿನ ರಜೆ ಸಿಕ್ಕಿತ್ತು. ಮೂರನೇ ಕ್ಲಾಸಿನ ಮೊಮ್ಮಗಳಿಗೆ ಅರಮನೆಯ ದೀಪ ನೋಡಬೇಕಿತ್ತು. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಅರಮನೆಗೆ ದೀಪ ಹಾಕುತ್ತಾರೆ, ಸುಮಾರು ಒಂದು ಲಕ್ಷ ಬಲ್ಬು. ಹಾಗಾಗಿ ಶುಕ್ರವಾರ ರಾತ್ರಿ ಊಟ ಮಾಡಿ ಹೊರಡುವುದು, ಭಾನುವಾರ ದೀಪ ನೋಡಿ ರಾತ್ರಿ ರೈಲು ಹತ್ತುವುದು ಎಂದು ನಾನೇ ಹಾಳೆಯ ಮೇಲೆ ಗೆರೆ ಎಳೆದು ಬರೆದೆ. ಟಿಕೆಟ್ಟನ್ನೂ ನಾನೇ ಮಾಡಿಸಿದೆ. ಮಗ "ಒಮ್ಮೆ ತೋರಿಸಿ ಅಪ್ಪ" ಎಂದ. "ನನಗೆ ಹೇಳಿಕೊಡಬೇಡ" ಎಂದೆ.

ಆ ರೈಲು ನಮ್ಮೂರಿಗೆ ಬರುವುದು ಹನ್ನೆರಡು ದಾಟಿ ಹತ್ತಿಪ್ಪತ್ತು ನಿಮಿಷಕ್ಕೆ. ಬುತ್ತಿ, ನೀರು, ಅಜ್ಜಿಯ ಮೊಣಕಾಲಿನ ಎಣ್ಣೆ, ಒಂದು ಚೀಲ ಮಂಡಕ್ಕಿ ಎಲ್ಲಾ ಹೊತ್ತು ಹೋದೆವು. ರೈಲು ಬಂತು, ಡಬ್ಬಿ ಸಿಕ್ಕಿತು. ನಮ್ಮ ಬರ್ತಿನಲ್ಲಿ ಯಾರೋ ಹೊದ್ದು ಮಲಗಿದ್ದರು. ನಾನು ಜೋರು ಮಾಡಿದೆ. ಟಿ.ಟಿ.ಇ. ಬಂದು ಟಿಕೆಟ್ ನೋಡಿ, ತಗ್ಗಿದ ದನಿಯಲ್ಲಿ, "ಯಜಮಾನ್ರೇ, ಇದು ನಿನ್ನೆ ಹೋದ ಗಾಡಿದು" ಎಂದರು.

ಮಕ್ಕಳೇ, ತಪ್ಪು ಎಲ್ಲಾಯಿತು ಗೊತ್ತಾಯಿತೆ? ರೈಲ್ವೆಯವರದು 24 ಗಂಟೆಯ ಗಡಿಯಾರ. ರಾತ್ರಿ 23:59 ಆದ ಮೇಲೆ 00:00. ಅಲ್ಲಿಗೆ ಹಳೆಯ ತಾರೀಕು ಮುಗಿಯಿತು, ಹೊಸದು ಶುರು. ನಮಗೆ ಮಾತ್ರ ಬೆಳಗಾಗಿ ಎದ್ದ ಮೇಲೇ ಹೊಸ ದಿನ. ನಾನು 'ಶುಕ್ರವಾರ ರಾತ್ರಿ' ಎಂದುಕೊಂಡು ಶುಕ್ರವಾರದ ತಾರೀಕಿಗೆ ಟಿಕೆಟ್ ಮಾಡಿಸಿದ್ದೆ. ಶುಕ್ರವಾರದ 00:20 ಅಂದರೆ ಗುರುವಾರ ರಾತ್ರಿ ನಾವು ಮಲಗಿ ಗೊರಕೆ ಹೊಡೆಯುತ್ತಿದ್ದ ಹೊತ್ತು. ನಮಗೆ ಬೇಕಾಗಿದ್ದದ್ದು ಶನಿವಾರದ ಟಿಕೆಟ್.

ಇಳಿದುಬಿಟ್ಟೆವು. ಜನರಲ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿಯನ್ನು ಅಲ್ಲಿ ನಿಲ್ಲಿಸುವಂತಿರಲಿಲ್ಲ. ಕೆಂಪು ದೀಪ ದೂರವಾಗುವವರೆಗೆ ಐವರೂ ನೋಡುತ್ತ ನಿಂತೆವು. ಮೊಮ್ಮಗಳು ಅಳಲಿಲ್ಲ. "ಅಜ್ಜ, ನಿನ್ನೆ ರೈಲು ನಮಗೋಸ್ಕರ ಕಾದಿತ್ತಾ?" ಎಂದು ಕೇಳಿದಳು. ಮಗ ಒಂದು ಮಾತೂ ಆಡದೆ ಆಟೋ ಕರೆದ. ಬೈದಿದ್ದರೆ ಹಗುರಾಗುತ್ತಿತ್ತು.

ಹೋಗುವ ಟಿಕೆಟ್ಟಿನ ಹಣದಲ್ಲಿ ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ಬರುವ ಟಿಕೆಟ್ಟನ್ನು ಆ ರಾತ್ರಿಯೇ ರದ್ದು ಮಾಡಿದ್ದರಿಂದ ಕಡಿತ ಕಳೆದು ಉಳಿದದ್ದು ಬಂತು. ಹಣದ ಲೆಕ್ಕ ಅಲ್ಲಿಗೆ ಮುಗಿಯಿತು. ಮಗನ ರಜೆಯ ಲೆಕ್ಕ ಮಾತ್ರ ಹಾಗೇ ಉಳಿಯಿತು.

ಬೆಳಿಗ್ಗೆ ಕಾಫಿ ಕೊಡುತ್ತ ನಮ್ಮವಳು, "ಬ್ಯಾಂಕಲ್ಲಿ ನೀವು ಬರೆದದ್ದನ್ನ ಇನ್ನೊಬ್ಬರು ನೋಡ್ತಿರಲಿಲ್ವೇನ್ರೀ?" ಎಂದಳು. ನೋಡುತ್ತಿದ್ದರು. ಒಬ್ಬ ಬರೆದ ವೋಚರನ್ನು ಇನ್ನೊಬ್ಬ ನೋಡಿ ಸಹಿ ಹಾಕದೆ ಅಲ್ಲಿ ಹಣ ಕದಲುತ್ತಿರಲಿಲ್ಲ. ಅದು ಯಾರ ಮೇಲಿನ ಅನುಮಾನವೂ ಅಲ್ಲ. ಬರೆದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ, ಅಷ್ಟೇ. ಮನೆಗೆ ಬಂದ ಮೇಲೆ ನಾನು ಆ ಪದ್ಧತಿಯನ್ನು ಮರೆತಿದ್ದೆ.

ಎರಡು ತಿಂಗಳ ಮೇಲೆ ಮತ್ತೆ ಹೊರಟೆವು. ಈ ಸಲ ಮೊಮ್ಮಗಳೇ ನಮ್ಮ ಆಫೀಸರು. ನಾನು ಬರೆಯುವುದು, ಅವಳು ನೋಡಿ ಟಿಕ್ ಹಾಕುವುದು. ಅವಳ ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು ತಾರೀಕು. ರೈಲು ಹನ್ನೆರಡರ ಒಳಗೆ ಹೊರಟರೆ ಊಟದ ತಾರೀಕು, ಹನ್ನೆರಡು ದಾಟಿ ಹೊರಟರೆ ತಿಂಡಿಯ ತಾರೀಕು. ಮನೆಯಲ್ಲಿ ಶುಕ್ರವಾರದ ಊಟ, ಮೈಸೂರಿನಲ್ಲಿ ಶನಿವಾರದ ತಿಂಡಿ ಎಂದಾದರೆ ಟಿಕೆಟ್ ಶನಿವಾರದ್ದು. ಈ ಸೂತ್ರ ಅವಳದೇ.

ಎರಡನೆಯದು, ಯಾವಾಗ ಮಾಡಿಸುವುದು. ಮೊದಲು 120 ದಿನ ಮುಂಚೆ ಬುಕಿಂಗ್ ತೆರೆಯುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ದಸರಾ, ಬೇಸಿಗೆ ರಜೆಗೆ ಹೋಗುವವರು ಕ್ಯಾಲೆಂಡರಿನಲ್ಲಿ ಆ ದಿನಕ್ಕೇ ಗುರುತು ಹಾಕಿಕೊಳ್ಳಬೇಕು.

ಮೂರನೆಯದು, ಯಾರಿಗೆ ಎಷ್ಟು. ಐದು ತುಂಬದ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವಾದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರೊಳಗಿನವರಿಗೆ ಸ್ಲೀಪರಿನಲ್ಲಿ ಬರ್ತ್ ಬೇಕಾದರೆ ಪೂರ್ತಿ ದರ, ಬೇಡವಾದರೆ ಅರ್ಧ. ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆದರೆ ಕೆಳಗಿನ ಬರ್ತಿನ ಕೋಟಾ ಇದೆ. ಅದು ಒಂದು ಟಿಕೆಟ್ಟಿನಲ್ಲಿ ಒಬ್ಬರೋ ಇಬ್ಬರೋ ಇದ್ದರೆ ಮಾತ್ರ. ಮನೆಮಂದಿಯನ್ನೆಲ್ಲ ಒಂದೇ ಟಿಕೆಟ್ಟಿಗೆ ತುಂಬಿಸಿದರೆ ಅಜ್ಜಿಗೆ ಮೇಲಿನ ಬರ್ತ್ ಬಂದರೂ ಬಂತು. ನಾವಿಬ್ಬರು ಮುದುಕರದು ಒಂದು ಟಿಕೆಟ್, ಸೊಸೆ ಮತ್ತು ಮೊಮ್ಮಗಳದು ಇನ್ನೊಂದು ಮಾಡಿಸಿದೆವು.

ನಾಲ್ಕನೆಯದು ಊರಿನ ವಾರ. ಯಾವ ಊರಿಗೆ ಹೋದರೂ ಯಾವುದಕ್ಕೆ ಯಾವತ್ತು ರಜೆ ಎಂದು ಮೊದಲು ಕೇಳಿಕೊಳ್ಳಿ. 1892ರಲ್ಲಿ ಶುರುವಾದ ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ದೀಪಕ್ಕೆ ಭಾನುವಾರವೇ ಸರಿ.

ಐದನೆಯದು ಸಾಮಾನು. ಕೊನೆಯ ದಿನ ಹೋಟೆಲ್ ಕೋಣೆ ಬಿಟ್ಟ ಮೇಲೆ ಚೀಲ ಹೊತ್ತು ತಿರುಗುವುದು ಬೇಡ. ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಟ್ಟು ಹೋಗಬಹುದು. ಟಿಕೆಟ್ ತೋರಿಸಬೇಕು, ಚೀಲಕ್ಕೆ ಬೀಗ ಇರಬೇಕು. ಮಂಡಕ್ಕಿ ಚೀಲಕ್ಕೆ ಬೀಗ ಹಾಕುವುದು ಹೇಗೆಂದು ಮೊಮ್ಮಗಳು ತಲೆ ಕೆಡಿಸಿಕೊಂಡಳು. ತಿಂದು ಮುಗಿಸಿದೆವು.

ಕೊನೆಯದು, ದಿನಕ್ಕೆ ಎರಡೇ ಜಾಗ. ನನ್ನ ಹಳೆಯ ಹಾಳೆಯಲ್ಲಿ ಒಂಬತ್ತಿದ್ದವು. ಅವಳು ಐದು ಹೊಡೆದುಹಾಕಿದಳು. ಖಾತೆಯಲ್ಲಿ ಕನಿಷ್ಠ ಬಾಕಿ ಇಡುವಂತೆ ದಿನದಲ್ಲೂ ಸ್ವಲ್ಪ ಸಮಯ ಉಳಿಸಬೇಕು.

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಅರಮನೆಯ ಒಳಗೆ ಹೋದೆವು. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಬೆಂಕಿಗೆ ಸಿಕ್ಕಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಈಗಿನದು 1912ರಲ್ಲಿ ಪೂರ್ತಿಯಾಯಿತು. "ಹದಿನೈದು ವರ್ಷ ಕಾದರಾ!" ಎಂದಳು ಮೊಮ್ಮಗಳು. ನಾವು ಕಾದದ್ದು ಎರಡೇ ತಿಂಗಳು ಎಂದು ನನಗೆ ಸಮಾಧಾನವಾಯಿತು. ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಹೂವು, ಕುಂಕುಮದ ರಾಶಿಗಳ ನಡುವೆ ಸುತ್ತಾಡಿದೆವು. ಭಾನುವಾರ ಬೆಳಿಗ್ಗೆ ಮೃಗಾಲಯ. ಅಲ್ಲಿ ನಡೆಯಲಾಗದವರಿಗೆ ಬ್ಯಾಟರಿ ಗಾಡಿ ಇರುವುದರಿಂದ ಅಜ್ಜಿಯೂ ಜಿರಾಫೆ ನೋಡಿದಳು. ಮಧ್ಯಾಹ್ನ ಸ್ಟೇಷನ್ನಿನ ಹತ್ತಿರವೇ ಇರುವ ರೈಲ್ವೆ ವಸ್ತುಸಂಗ್ರಹಾಲಯ. 1979ರಲ್ಲಿ ಆರಂಭವಾದದ್ದು. ಹಳೆಯ ಉಗಿಬಂಡಿಯ ಪಕ್ಕ ನಿಂತು ಅವಳು, "ಇದು ಯಾವ ತಾರೀಕಿನದು ಅಜ್ಜ?" ಎಂದು ಕೇಳಿ ನನ್ನನ್ನು ಓರೆಗಣ್ಣಿನಲ್ಲಿ ನೋಡಿದಳು.

ಸಂಜೆ ದೀಪ ಹತ್ತಿತು. ಒಂದೇ ಸಲಕ್ಕೆ ಇಡೀ ಅರಮನೆ. ನೆರೆದವರೆಲ್ಲ "ಓ!" ಎಂದರು. ಮಗ ಅಲ್ಲಿರಲಿಲ್ಲ. ಈ ಸಲ ಅವನಿಗೆ ರಜೆ ಸಿಗಲಿಲ್ಲ. ಸೊಸೆ ಫೋನಿನಲ್ಲಿ ತೋರಿಸಿದಳು. ಆ ಚಿಕ್ಕ ಪರದೆಯಲ್ಲಿ ಅವನಿಗೆ ಎಷ್ಟು ಕಂಡಿತೋ. "ಚೆನ್ನಾಗಿದೆ ಅಪ್ಪ, ಅಮ್ಮನಿಗೆ ಸ್ವೆಟರ್ ಹಾಕಿ" ಎಂದ.

ಅದಕ್ಕೇ ಹೇಳುವುದು, ಮನೆಯಲ್ಲಿ ಟಿಕೆಟ್ ಮಾಡಿಸುವ ಹಿರಿಯರೇ, ಯಾರಾದರೂ "ಒಮ್ಮೆ ತೋರಿಸಿ" ಎಂದರೆ ತೋರಿಸಿಬಿಡಿ. ಮಕ್ಕಳೇ, ಅವರು ತೋರಿಸದಿದ್ದರೆ ನೀವೇ ಕೇಳಿ ನೋಡಿ.

ಮುಂದಿನ ದಸರಾ ರಜೆಗೆ ಮಗ ಈಗಲೇ ಅರ್ಜಿ ಹಾಕಿದ್ದಾನೆ. ಐದು ಜನರ ಹಾಳೆ ಸಿದ್ಧವಾಗಿದೆ. ನಾನು ಬರೆದಾಯಿತು. ಅವಳು ಇನ್ನೂ ಟಿಕ್ ಹಾಕಿಲ್ಲ.