ಚುನಾವಣೆಯೂ ಮಿತವ್ಯಯವೂ

ಮೊನ್ನೆ ಮೈಸೂರಿನಿಂದ ಬಂದ ಮಿತ್ರರೊಬ್ಬರೊಡನೆ ಸೋಮನಾಥಪುರದ ಕೇಶವ ದೇವಾಲಯದ ಜಗತಿಯ ಮೇಲೆ ಕುಳಿತಿದ್ದೆ. ಶಿಲ್ಪದ ಮಾತು ಮುಗಿದು, ಎಲ್ಲ ಮಾತುಗಳೂ ಕೊನೆಗೆ ಸೇರುವ ರಾಜಕೀಯಕ್ಕೇ ಸೇರಿತು. 'ವರ್ಷವಿಡೀ ಈ ದೇಶಕ್ಕೆ ಚುನಾವಣೆಯ ಜ್ವರ. ಲೋಕಸಭೆ, ವಿಧಾನಸಭೆ ಎರಡನ್ನೂ ಒಂದೇ ಸಲ ಮುಗಿಸಿಬಿಟ್ಟರೆ ದುಡ್ಡೂ ಉಳಿಯುತ್ತದೆ, ನೆಮ್ಮದಿಯೂ ಉಳಿಯುತ್ತದೆ' ಎಂದರು. 2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಮಂಡನೆಯಾದ ಸಂವಿಧಾನದ 129ನೆಯ ತಿದ್ದುಪಡಿ ಮಸೂದೆ ಹೇಳುವುದೂ ಇದನ್ನೇ.

ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನೀತಿಸಂಹಿತೆ ಬಂದರೆ ಹೊಸ ಕಾಮಗಾರಿ ನಿಲ್ಲುತ್ತದೆ. ಮತಗಟ್ಟೆಯ ಕೆಲಸಕ್ಕೆ ಹೋದ ಮೇಷ್ಟರ ತರಗತಿ ಬಣಗುಟ್ಟುತ್ತದೆ. 1952ರಿಂದ 1967ರವರೆಗೆ ನಾಲ್ಕು ಸಲ ನಾವು ಎರಡು ಮತಗಳನ್ನೂ ಒಟ್ಟಿಗೇ ಹಾಕಿದೆವು. 1999ರಲ್ಲಿ, 2004ರಲ್ಲಿ ಕರ್ನಾಟಕ ಮತ್ತೆ ಹಾಗೆಯೇ ಮಾಡಿತು. ಪ್ರಳಯವೇನೂ ಆಗಲಿಲ್ಲ. ಆದರೆ ಕಾಲ ಕೂಡಿಬಂದು ಒಟ್ಟಾಗುವುದು ಬೇರೆ, ಒಟ್ಟಾಗಲೇಬೇಕೆಂದು ಕಟ್ಟುಮಾಡುವುದು ಬೇರೆ.

ಮಸೂದೆಯ ಮರ್ಮ ಇರುವುದು ಇಲ್ಲಿ: ವಿಧಾನಸಭೆ ನಡುವೆ ವಿಸರ್ಜನೆಯಾದರೆ ಹೊಸದಾಗಿ ಆರಿಸಿಬಂದ ಸಭೆಗೆ ಐದು ವರ್ಷವಿಲ್ಲ, ಹಿಂದಿನದರ ಉಳಿಕೆ ಅವಧಿ ಮಾತ್ರ. 2004ರಲ್ಲಿ ಆರಿಸಿದ ನಮ್ಮ ವಿಧಾನಸಭೆ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. ಮೂರನೆಯವರು ಒಂದು ವಾರ ಆಳಿ ಇಳಿದರು. 2007ರಲ್ಲಿ ಸಭೆಯೇ ಹೋಯಿತು. 2008ರ ಮೇ ತಿಂಗಳಲ್ಲಿ ಮತ್ತೆ ಮತ. ಈ ನಿಯಮ ಅಂದೇ ಇದ್ದಿದ್ದರೆ ಆ ಹೊಸ ಸಭೆಯ ಆಯುಸ್ಸು ಒಂದೇ ವರ್ಷ. 2009ರಲ್ಲಿ ಮರಳಿ ಚುನಾವಣೆ. ಈ ಲೆಕ್ಕದಲ್ಲಿ ಉಳಿತಾಯ ಎಲ್ಲಿದೆ, ರಾಯರೇ?

ಇನ್ನು ಮತದಾರನ ವಿವೇಕದ ಮಾತು. ಇಂದಿರಾ ಗಾಂಧಿಯವರ ಹತ್ಯೆಯ ಬೆನ್ನಿಗೆ, 1984ರ ಡಿಸೆಂಬರಿನಲ್ಲಿ, ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಜನರ ಮುಂದೆ ನಿಂತರು. 1985ರ ಮಾರ್ಚಿನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ದೆಹಲಿಯ ದುಃಖಕ್ಕೆ ಒಂದು ಮತ, ನಮ್ಮ ಊರಿನ ನಾಲೆ, ಶಾಲೆ, ಆಸ್ಪತ್ರೆಗಳಿಗೆ ಇನ್ನೊಂದು ಮತ. ನಡುವೆ ಮೂರು ತಿಂಗಳ ಬಿಡುವಿತ್ತು, ಯೋಚಿಸುವುದಕ್ಕೆ. ಎರಡೂ ಒಂದೇ ದಿನ ನಡೆದಿದ್ದರೆ ಕಣ್ಣೀರು ಎರಡು ಪೆಟ್ಟಿಗೆಗಳನ್ನೂ ತೋಯಿಸುತ್ತಿರಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

1989ರಲ್ಲಿ ಕಮ್ಯುನಿಸ್ಟ್ ಆಳ್ವಿಕೆಯನ್ನು ಕಿತ್ತೊಗೆದ ರುಮೇನಿಯ ದೇಶ 2004ರವರೆಗೆ ಅಧ್ಯಕ್ಷರನ್ನೂ ಸಂಸತ್ತನ್ನೂ ಒಟ್ಟಿಗೇ ಆರಿಸುತ್ತಿತ್ತು. 2003ರಲ್ಲಿ ಸಂವಿಧಾನ ತಿದ್ದಿ ಅಧ್ಯಕ್ಷರ ಅವಧಿಯನ್ನು ಐದು ವರ್ಷಕ್ಕೆ ಏರಿಸಿ, ಸಂಸತ್ತಿಗೆ ನಾಲ್ಕನ್ನೇ ಉಳಿಸಿತು. 2008ರಲ್ಲಿ ಸಂಸತ್ತಿನ ಚುನಾವಣೆ ನಡೆದರೆ 2009ರಲ್ಲಿ ಅಧ್ಯಕ್ಷರದು. ಒಟ್ಟಿಗಿದ್ದುದನ್ನು ಅವರು ಬಿಡಿಸಿಕೊಂಡರು. ನಾವು ಬಿಡಿಯಾಗಿರುವುದನ್ನು ಕಟ್ಟಿಹಾಕಲು ಹೊರಟಿದ್ದೇವೆ.

ನಾವು ಕುಳಿತಿದ್ದ ಜಗತಿ ಒಂದೇ. ಅದರ ಮೇಲೆ ಕೇಶವ, ಜನಾರ್ದನ, ವೇಣುಗೋಪಾಲರಿಗೆ ಗರ್ಭಗುಡಿಗಳು ಮೂರು. ಕಲ್ಲು ಉಳಿಸುವುದೇ ಗುರಿಯಾಗಿದ್ದರೆ 1258ರಲ್ಲಿ ಸೋಮನಾಥ ದಂಡನಾಯಕನಿಗೆ ಒಂದು ಗುಡಿ ಸಾಕಾಗಿತ್ತು. ಮಿತ್ರರಿಗೆ ಅದನ್ನೇ ತೋರಿಸಿದೆ. ಅವರು ನಕ್ಕರು, ಒಪ್ಪಲಿಲ್ಲ. ಇರಲಿ. ಐದು ವರ್ಷಕ್ಕೊಮ್ಮೆ ಬಂದು ಹೋಗುವ ದೊರೆಗಿಂತ, ಎರಡು ಸಲವಾದರೂ ನನ್ನ ಬಾಗಿಲಲ್ಲಿ ಕೈಮುಗಿದು ನಿಲ್ಲಬೇಕಾದ ದೊರೆಯೇ ನನಗೆ ಮೇಲು. ಅದಕ್ಕೆ ತಗಲುವ ಖರ್ಚನ್ನು ನಾನು ದುಂದು ಎನ್ನಲಾರೆ.