ತಿರುವಿನಲ್ಲಿ ಟೈರು ಕಿರುಚಿದಾಗ

ಸವಣೂರಿನ ಸುತ್ತಲಿನ ಎರೆಹೊಲಗಳಿಂದ ಹೊರಟ ಚಕ್ಕಡಿ ಊರೊಳಗಿನ ಇಕ್ಕಟ್ಟಾದ ಓಣಿಯಲ್ಲಿ ಹೊರಳುವುದನ್ನು ಗಮನಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಎತ್ತುಗಳು ಪಕ್ಕಕ್ಕೆ ಹೆಜ್ಜೆ ಇಡುತ್ತವೆ. ಒಂದು ಗಾಲಿ ನಿಂತಲ್ಲೇ ನಿಂತಂತಿರುತ್ತದೆ, ಇನ್ನೊಂದು ದೊಡ್ಡ ಸುತ್ತು ಹಾಕಿಕೊಂಡು ಬರುತ್ತದೆ. ಅಚ್ಚಿಗೆ ಎಣ್ಣೆ ಸಾಲದಿದ್ದರೆ ಕಿರುಗುಟ್ಟೀತು, ಆದರೆ ಗಾಲಿ ನೆಲವನ್ನು ಉಜ್ಜಿಕೊಂಡು ಕಿರುಚುವುದಿಲ್ಲ. ಅದೇ ಓಣಿಗೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಮದುವೆಗೆಂದು ಅಗಲ ಟೈರಿನ ಸ್ಪೋರ್ಟ್ಸ್ ಕಾರೊಂದು ಬಂತೆನ್ನಿ. ಚಾಲಕ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ನಡಿಗೆಯ ವೇಗದಲ್ಲಿ ಹೊರಳಿಸುತ್ತಾನೆ. ಆಗ ಕೇಳಿಸುತ್ತದೆ ಕೀಂ ಎಂಬ ಸದ್ದು, ಇಲ್ಲವೇ ಟೈರು ಕುಪ್ಪಳಿಸಿದಂತೆ ದಡ್ ದಡ್ ಎಂಬ ಸದ್ದು. ಎರಡು ಗಾಲಿಯ ಚಕ್ಕಡಿ ಸುಮ್ಮನೆ ಮಾಡಿ ಮುಗಿಸುವ ಕೆಲಸಕ್ಕೆ ಲಕ್ಷಗಟ್ಟಲೆ ಬೆಲೆಯ ಕಾರು ಏಕೆ ತಿಣುಕಬೇಕು? ಆ ಸದ್ದು ರೋಗದ ಲಕ್ಷಣವೋ, ಕಾರಿನ ಹುಟ್ಟುಗುಣವೋ? ಇದನ್ನು ತಿಳಿಯುವುದು ವಿದ್ಯಾರ್ಥಿಗೆ ಒಳ್ಳೆಯ ಗಣಿತ. ಕಾರಿನ ಖರ್ಚು ಹೊರುವ ತಂದೆತಾಯಿಗೆ ಒಳ್ಳೆಯ ಉಳಿತಾಯ.

ಮರದ ಸುತ್ತ ಒಂದು ಲೆಕ್ಕ

ಸವಣೂರಿನ ದೊಡ್ಡಹುಣಸೆ ಮರಗಳು ನಾಡಿಗೆಲ್ಲ ಹೆಸರುವಾಸಿ. ಅಂಥ ಒಂದು ಮರದ ಸುತ್ತ ಇಬ್ಬರು ಹುಡುಗರು ಕೈಹಿಡಿದು ಒಂದು ಸುತ್ತು ಬರಲಿ. ಇಬ್ಬರ ನಡುವಿನ ಅಂತರ ಒಂದು ಮೀಟರು. ಹೊರಗಿನವನು ಒಳಗಿನವನಿಗಿಂತ ಎಷ್ಟು ಹೆಚ್ಚು ನಡೆದಿರುತ್ತಾನೆ? ಮರದ ದಪ್ಪ ಎಷ್ಟೆಂದು ಕೇಳುವ ಅಗತ್ಯವೇ ಇಲ್ಲ. ವೃತ್ತದ ಪರಿಧಿ ತ್ರಿಜ್ಯದ 6.28 ಪಟ್ಟು ಇರುವುದರಿಂದ, ತ್ರಿಜ್ಯ ಒಂದು ಮೀಟರು ಹೆಚ್ಚಿದರೆ ದಾರಿ 6.28 ಮೀಟರು ಹೆಚ್ಚುತ್ತದೆ. ಮರ ದೊಡ್ಡಹುಣಸೆಯಾಗಲಿ, ಮನೆಯಂಗಳದ ತುಳಸಿಕಟ್ಟೆಯಾಗಲಿ, ಉತ್ತರ ಒಂದೇ.

ಈ ಲೆಕ್ಕವನ್ನು ಕಾರಿಗೆ ಹಚ್ಚೋಣ. ಎಡಬಲ ಗಾಲಿಗಳ ನಡುವೆ 1.4 ಮೀಟರು ಅಂತರವಿದೆ ಎಂದುಕೊಂಡರೆ, ಒಂದು ಪೂರ್ಣ ಸುತ್ತಿನಲ್ಲಿ ಹೊರಗಿನ ಹಿಂಗಾಲಿ ಒಳಗಿನದಕ್ಕಿಂತ ಸುಮಾರು 8.8 ಮೀಟರು ಹೆಚ್ಚು ಓಡಬೇಕು. ದೊಡ್ಡ ತಿರುವಾದರೂ ಅಷ್ಟೇ, ಸಣ್ಣ ತಿರುವಾದರೂ ಅಷ್ಟೇ. ಆದರೆ 100 ಮೀಟರು ತ್ರಿಜ್ಯದ ಹೆದ್ದಾರಿ ತಿರುವಿನಲ್ಲಿ ಆ ವ್ಯತ್ಯಾಸ ಇಡೀ ದಾರಿಗೆ ಹಂಚಿಹೋಗಿ ನೂರಕ್ಕೆ ಒಂದೂವರೆಯಷ್ಟೂ ಆಗುವುದಿಲ್ಲ. ಐದು ಮೀಟರು ತ್ರಿಜ್ಯದ ಓಣಿಯ ತಿರುವಿನಲ್ಲಿ ಒಳಗಾಲಿಯ ತ್ರಿಜ್ಯ 4.3 ಮೀಟರು, ಹೊರಗಾಲಿಯದು 5.7 ಮೀಟರು. ಅಂದರೆ ಹೊರಗಾಲಿ ಸುಮಾರು ಮೂರನೇ ಒಂದು ಪಾಲು ಹೆಚ್ಚು ಓಡಬೇಕು! ಹೆದ್ದಾರಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ದೋಷಗಳು ಓಣಿಯಲ್ಲಿ ಬಾಯಿ ಬಿಡುವುದು ಇದಕ್ಕೇ.

ಚಕ್ಕಡಿಯ ಎರಡೂ ಗಾಲಿಗಳು ಅಚ್ಚಿನ ಮೇಲೆ ಬೇರೆಬೇರೆಯಾಗಿ ತಿರುಗುತ್ತವೆ. ಆದ್ದರಿಂದ ಅದಕ್ಕೆ ತೊಂದರೆಯಿಲ್ಲ. ರೈಲಿನದು ಇದಕ್ಕೆ ತದ್ವಿರುದ್ಧ. ಸವಣೂರು ತಾಲ್ಲೂಕಿನ ಯಲವಿಗಿ ನಿಲ್ದಾಣವನ್ನು ಹಾದುಹೋಗುವ ರೈಲುಗಳ ಎರಡೂ ಗಾಲಿಗಳು ಅಚ್ಚಿಗೆ ಬಿಗಿಯಾಗಿ ಕೂತಿರುತ್ತವೆ, ಒಟ್ಟಿಗೇ ತಿರುಗಬೇಕು. ಗಾಲಿಯ ಮೈಯನ್ನು ತುಸು ಇಳಿಜಾರಾಗಿ ಕಡೆದಿರುವುದರಿಂದ ದೊಡ್ಡ ತಿರುವಿನಲ್ಲಿ ಹೊರಗಾಲಿ ತನ್ನ ದಪ್ಪಭಾಗದ ಮೇಲೆ, ಒಳಗಾಲಿ ತೆಳುಭಾಗದ ಮೇಲೆ ಉರುಳಿ ಲೆಕ್ಕ ಸರಿದೂಗುತ್ತದೆ. ತಿರುವು ತೀರಾ ಚಿಕ್ಕದಾದರೆ ಈ ಉಪಾಯ ಸಾಲದೆ ಗಾಲಿ ಹಳಿಯ ಮೇಲೆ ಜಾರಿ ಚೀರುತ್ತದೆ.

ಕಾರು ಮಾಡಿಕೊಂಡ ಎರಡು ಉಪಾಯ

ಕಾರಿನ ಎಂಜಿನ್ ಗಾಲಿಗಳನ್ನು ತಿರುಗಿಸಬೇಕು, ಆದರೆ ಎರಡನ್ನೂ ಒಂದೇ ವೇಗದಲ್ಲಿ ತಿರುಗಿಸಬಾರದು. ಇದಕ್ಕಾಗಿ ಇರುವುದೇ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಪೆಟ್ಟಿಗೆ. ಅದರ ಲೆಕ್ಕ ಸರಳ: ಒಂದು ಗಾಲಿಯಿಂದ ಕಳೆದದ್ದನ್ನು ಇನ್ನೊಂದಕ್ಕೆ ಕೂಡುತ್ತದೆ. ಮೇಲಿನ ಓಣಿಯಲ್ಲಿ ಪೆಟ್ಟಿಗೆ 100 ಸುತ್ತು ತಿರುಗಿದರೆ ಒಳಗಾಲಿ 86 ಸುತ್ತು, ಹೊರಗಾಲಿ 114 ಸುತ್ತು. ಸರಾಸರಿ ಮಾತ್ರ 100.

ಎರಡನೆಯ ಉಪಾಯ ಮುಂದಿನ ಗಾಲಿಗಳದ್ದು. ಅವೆರಡನ್ನೂ ಒಂದೇ ಕೋನಕ್ಕೆ ತಿರುಗಿಸಿದರೆ ಒಂದಲ್ಲ ಒಂದು ಗಾಲಿ ಅಡ್ಡಡ್ಡ ಎಳೆದುಕೊಂಡು ಹೋಗಬೇಕಾಗುತ್ತದೆ. ಮುಂದಿನ ಹಾಗೂ ಹಿಂದಿನ ಗಾಲಿಗಳ ನಡುವೆ 2.4 ಮೀಟರು ಇದ್ದರೆ, ಅದೇ ಓಣಿಯಲ್ಲಿ ಒಳಗಾಲಿ ಸುಮಾರು 29 ಡಿಗ್ರಿ, ಹೊರಗಾಲಿ ಸುಮಾರು 23 ಡಿಗ್ರಿ ತಿರುಗಬೇಕು. ಕುದುರೆ ಸಾರೋಟುಗಳ ಕಾಲದಲ್ಲೇ ಮ್ಯೂನಿಕ್ ನಗರದ ಸಾರೋಟು ತಯಾರಕ ಲಾಂಕೆನ್ಸ್‌ಪೆರ್ಗರ್ ಇದಕ್ಕೊಂದು ಜೋಡಣೆ ರೂಪಿಸಿದ. ಅವನ ಪರವಾಗಿ ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಹೀಗಾಗಿ ಹೆಸರು ಉಳಿದದ್ದು ಆಕರ್‌ಮನ್ನನದೇ!

ಇನ್ನು ಸ್ಪೋರ್ಟ್ಸ್ ಕಾರಿನ ವಿಚಾರ. ವೇಗದ ತಿರುವಿನಲ್ಲಿ ಕಾರಿನ ಭಾರವೆಲ್ಲ ಹೊರಗಾಲಿಯ ಮೇಲೆ ಬೀಳುತ್ತದೆ, ಹಿಡಿತದ ಹೆಚ್ಚಿನ ಕೆಲಸ ಅದರದೇ. ಅದನ್ನು ಇನ್ನಷ್ಟು ತಿರುಗಿಸಿದರೆ ಲಾಭ. ಆದ್ದರಿಂದ ಓಟದ ಕಾರುಗಳಲ್ಲಿ ಆಕರ್‌ಮನ್ ಲೆಕ್ಕವನ್ನು ಬೇಕೆಂದೇ ಸಡಿಲಿಸಿ, ಎರಡೂ ಗಾಲಿಗಳು ಹೆಚ್ಚುಕಡಿಮೆ ಸಮಾನವಾಗಿ ತಿರುಗುವಂತೆ ಮಾಡುವುದುಂಟು. ಆ ಗುಣ ಕೆಲವು ಸ್ಪೋರ್ಟ್ಸ್ ಕಾರುಗಳಿಗೂ ಬಂದಿದೆ. ವೇಗದಲ್ಲಿ ಸಿಕ್ಕ ಲಾಭಕ್ಕೆ ಓಣಿಯಲ್ಲಿ ದಂಡ ತೆರಬೇಕು. ಒಳಗಾಲಿಯ ರಬ್ಬರು ಅಡ್ಡಕ್ಕೆ ಎಳೆಯಲ್ಪಟ್ಟು, ತಡೆಯಲಾರದಾದಾಗ ಸಟಕ್ಕನೆ ಜಾರಿ, ಮತ್ತೆ ನೆಲ ಹಿಡಿಯುತ್ತದೆ. ಅದೇ ಆ ಕುಪ್ಪಳಿಕೆ. ಅಗಲ ಟೈರಾದರೆ ಇದು ಹೆಚ್ಚು. ಚಳಿದೇಶಗಳ ಮುಂಜಾವಿನಲ್ಲಿ ರಬ್ಬರು ಗಡುಸಾಗಿರುವಾಗ ಇನ್ನೂ ಹೆಚ್ಚು.

ಕೀಂ ಎನ್ನುವ ಸದ್ದಿನ ಗುಟ್ಟೂ ಇದೇ ಬಗೆಯದು. ಕರಿಹಲಗೆಯ ಮೇಲೆ ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಎಳೆದರೆ ಮೈ ಜುಮ್ಮೆನಿಸುವಂತೆ ಕಿರುಚುತ್ತದಲ್ಲವೆ? ಅದು ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಹೀಗೆ ಸೆಕೆಂಡಿಗೆ ನೂರಾರು ಸಲ ನಡೆಯುವ ಅಂಟುಜಾರು ಆಟವೇ ನಮ್ಮ ಕಿವಿಗೆ ಕಿರುಚಾಟ. ನುಣುಪು ನೆಲದ ಮೇಲೆ ಟೈರಿನ ರಬ್ಬರು ಮಾಡುವುದೂ ಇದನ್ನೇ. ಬಸ್ ನಿಲ್ದಾಣದ ಸಿಮೆಂಟ್ ನೆಲದಲ್ಲಿ ಬಸ್ಸು ಹೊರಳುವಾಗ ಹಿಂದಿನ ಜೋಡಿ ಟೈರುಗಳು ಚೀರುವುದೂ ಹೀಗೆಯೇ. ಒಂದೇ ಬದಿಯ ಆ ಎರಡು ಟೈರುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ದಾರಿ ಬೇರೆಬೇರೆಯಾದರೂ ಒಟ್ಟಿಗೇ ತಿರುಗಬೇಕು.

ಟ್ರ್ಯಾಕ್ಟರಿನ ಪಾಠ

ಡಿಫರೆನ್ಷಿಯಲ್‌ಗೂ ಒಂದು ದೌರ್ಬಲ್ಯವಿದೆ. ಒಂದು ಗಾಲಿ ಕೆಸರಿನಲ್ಲಿ ಹಿಡಿತ ಕಳೆದುಕೊಂಡರೆ ಅದೊಂದೇ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಗಾಲಿ ಸುಮ್ಮನಿರುತ್ತದೆ. ಮಳೆಗಾಲದ ಎರೆಮಣ್ಣಿನಲ್ಲಿ ಟ್ರ್ಯಾಕ್ಟರ್ ಓಡಿಸುವ ರೈತರಿಗೆ ಇದು ಚಿರಪರಿಚಿತ. ಆಗ ಅವರು ಡಿಫರೆನ್ಷಿಯಲ್ ಲಾಕ್ ಹಾಕುತ್ತಾರೆ. ಎರಡೂ ಗಾಲಿ ಒಂದಾಗಿ ತಿರುಗಿ ಟ್ರ್ಯಾಕ್ಟರ್ ಹೊರಬರುತ್ತದೆ. ಆದರೆ ಲಾಕ್ ಬಿಡದೆ ಗಟ್ಟಿ ರಸ್ತೆಯಲ್ಲಿ ಹೊರಳಿಸಿದರೆ ಟೈರು ಉಜ್ಜುತ್ತದೆ, ಟ್ರ್ಯಾಕ್ಟರ್ ತಿರುಗಲೊಲ್ಲದು, ಹಲ್ಲುಗಾಲಿ ಮುರಿಯುವ ಭಯವೂ ಉಂಟು.

ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಲಾಕಿನ ಅರೆರೂಪವೊಂದಿದೆ. ಜಾರುವ ಗಾಲಿಯನ್ನು ಘರ್ಷಣೆಯ ಬಿಲ್ಲೆಗಳು ತಕ್ಕಮಟ್ಟಿಗೆ ತಡೆಹಿಡಿಯುತ್ತವೆ. ನಿಧಾನದ ತಿರುವಿನಲ್ಲಿ ಈ ಬಿಲ್ಲೆಗಳು ಹಿಡಿದು ಬಿಟ್ಟು ಮಾಡಿದರೆ ಕಾರಿನ ಹಿಂಭಾಗದಿಂದ ನಡುಕದೊಡನೆ ಗುಡುಗುಡು ಸದ್ದು ಬರುತ್ತದೆ. ಎಷ್ಟೋ ಸಲ ಇದಕ್ಕೆ ಕಾರಣ ಹಳೆಯದಾದ ಅಥವಾ ತಪ್ಪು ಬಗೆಯ ಎಣ್ಣೆ. ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿಸಿದರೆ ಸದ್ದು ನಿಲ್ಲಬಹುದು. ಪೆಟ್ಟಿಗೆಯನ್ನೇ ಬಿಚ್ಚಿಸುವ ಮಾತು ಆಮೇಲಿನದು. ಫೋರ್ ವ್ಹೀಲ್ ಡ್ರೈವ್ ಹಾಕಿದ ಜೀಪನ್ನು ಡಾಂಬರು ರಸ್ತೆಯಲ್ಲಿ ಹೊರಳಿಸಿದಾಗ ಹಿಡಿದೆಳೆದಂತಾಗುವುದಕ್ಕೂ ಇಂಥದ್ದೇ ಕಾರಣ. ಅಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಹೊಂದಾಣಿಕೆಗೆ ಎಡೆಯಿರುವುದಿಲ್ಲ.

ಕಿವಿಯಿಂದ ಪರೀಕ್ಷೆ

ವೈದ್ಯರು ಮೊದಲು ನಾಡಿ ಹಿಡಿದು ಆಮೇಲೆ ಔಷಧಿ ಬರೆಯುತ್ತಾರೆ. ಕಾರಿನ ವಿಷಯದಲ್ಲಿ ಮಾತ್ರ ಅನೇಕರು ಮೊದಲು ಬಿಡಿಭಾಗ ಬದಲಾಯಿಸಿ ಆಮೇಲೆ ರೋಗ ಹುಡುಕುತ್ತಾರೆ! ಅದರ ಬದಲು ಖಾಲಿ ಮೈದಾನವೊಂದರಲ್ಲಿ ಅರ್ಧ ಗಂಟೆ ಕಳೆದರೆ ಸಾಕು.

ಮೊದಲು ನಾಲ್ಕೂ ಟೈರುಗಳು ತಣ್ಣಗಿರುವಾಗ ಗಾಳಿ ಪರೀಕ್ಷಿಸಬೇಕು. ಗಾಳಿ ಕಡಿಮೆಯಿದ್ದರೆ ಒಳ್ಳೆಯ ಟೈರೂ ಕಿರುಚುತ್ತದೆ. ಬಳಿಕ, ನಿಂತ ಕಾರಿನ ಟೈರಿನ ಮೇಲೆ ಅಂಗೈ ಆಡಿಸಿ ನೋಡಬೇಕು. ಅಡ್ಡಲಾಗಿ ಒಂದು ದಿಕ್ಕಿನಲ್ಲಿ ನುಣುಪಾಗಿದ್ದು, ಎದುರು ದಿಕ್ಕಿನಲ್ಲಿ ಗರಗಸದಂತೆ ಒರಟಾಗಿದ್ದರೆ ಗಾಲಿಗಳ ಅಲೈನ್‌ಮೆಂಟ್ ತಪ್ಪಿದೆ ಎಂದರ್ಥ. ಸೀಳಿನಲ್ಲಿ ಕಲ್ಲೋ ಮೊಳೆಯೋ ಸಿಕ್ಕಿದೆಯೇ ಎಂದೂ ನೋಡಬೇಕು. ಸೀಳಿನ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ ಟೈರಿನ ಆಯುಷ್ಯ ಮುಗಿಯಿತು.

ಆಮೇಲೆ ಪರವಾನಗಿ ಇರುವವರೊಬ್ಬರು ನಡಿಗೆಯ ವೇಗದಲ್ಲಿ ಎಂಟರ ಅಂಕಿಯ ಆಕಾರದಲ್ಲಿ ಕಾರು ಓಡಿಸಲಿ. ಇನ್ನೊಬ್ಬರು ವೃತ್ತದ ಹೊರಗೆ ಸಾಕಷ್ಟು ದೂರ ನಿಂತು ಆಲಿಸಲಿ. ಚಿಕ್ಕ ಮಕ್ಕಳು ಹತ್ತಿರ ಸುಳಿಯಬಾರದು. ಟೈರಿನ ಪಕ್ಕೆಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದರೆ ಗಾಲಿಯ ಸುತ್ತುಗಳನ್ನು ಎಣಿಸುವುದು ಸುಲಭ. ಸದ್ದು ಎಡಕ್ಕೋ, ಬಲಕ್ಕೋ, ಎರಡಕ್ಕೂ ಬರುತ್ತದೋ? ಸಿಮೆಂಟಿನ ಮೇಲೆ ಬಂದದ್ದು ಮಣ್ಣಿನ ಮೇಲೂ ಬರುತ್ತದೋ? ಇವುಗಳ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಪ್ರಯೋಗಾಲಯದ ನಿಯಮ. ಅದು ಇಲ್ಲಿಗೂ ಅನ್ವಯ.

ನುಣುಪು ನೆಲದ ಮೇಲೆ ಮಾತ್ರ, ಎರಡೂ ಬದಿಗೆ ಸಮಾನವಾಗಿ ಬರುವ ಕೀಂ ಸದ್ದಿಗೆ ಹೆದರಬೇಕಿಲ್ಲ. ಕೊಂಡ ದಿನದಿಂದಲೂ ಇರುವ, ಪೂರ್ತಿ ತಿರುಗಿಸಿದಾಗ ಮಾತ್ರ ಕಾಣುವ ಸ್ಪೋರ್ಟ್ಸ್ ಕಾರಿನ ಕುಪ್ಪಳಿಕೆ ಬಹುಮಟ್ಟಿಗೆ ಅದರ ಹುಟ್ಟುಗುಣ. ಹೊಸದಾಗಿ ಶುರುವಾದದ್ದಾದರೆ, ಅಥವಾ ಒಂದೇ ಬದಿಗೆ ಬರುವುದಾದರೆ ತೋರಿಸಲೇಬೇಕು.

ಮುಂಗಾಲಿಗಳಿಗೆ ಎಂಜಿನ್ ಶಕ್ತಿ ಹೋಗುವ ಕಾರಿನಲ್ಲಿ, ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಗಾಲಿಯ ಸುತ್ತಿಗೆ ತಕ್ಕಂತೆ ಟಕಟಕ ಎಂದರೆ ಡ್ರೈವ್ ಶಾಫ್ಟಿನ ಕೀಲು ಸವೆದಿರಬಹುದು. ಅದರ ರಬ್ಬರು ಚೀಲ ಹರಿದು ಗ್ರೀಸು ಚೆಲ್ಲಿದೆಯೇ ನೋಡಿ. ನೇರವಾಗಿ ಹೋಗುವಾಗಲೂ ಸುತ್ತಿಗೊಂದು ಸಲ ಟಕ್ ಎಂದರೆ ಬಹುಶಃ ಆ ಕಲ್ಲು ಅಥವಾ ಮೊಳೆಯೇ ಅಪರಾಧಿ. ವೇಗದೊಡನೆ ಏರುವ ಗೊರ್ ಸದ್ದು ಗಾಲಿಯ ಬೇರಿಂಗಿನದಿರಬಹುದು. ಅದು ನಿಧಾನ ತಿರುವಿಗಿಂತ ಓಟದಲ್ಲೇ ಚೆನ್ನಾಗಿ ಕೇಳಿಸುತ್ತದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಲಟಕ್ ಎಂದರೆ ಸಸ್ಪೆನ್ಷನ್ನಿನ ಕೀಲುಗಳನ್ನು ತಡಮಾಡದೆ ಪರೀಕ್ಷಿಸಬೇಕು. ಗಾಲಿಯನ್ನು ಹಿಡಿದಿಡುವ ಬಾಲ್ ಜಾಯಿಂಟ್ ಕಳಚಿದರೆ ಸ್ಟೀರಿಂಗೇ ಕೈತಪ್ಪುತ್ತದೆ.

ಎಲ್ಲಕ್ಕಿಂತ ನಿರ್ಲಕ್ಷ್ಯಕ್ಕೆ ಒಳಗಾಗುವುದು ಪೂರ್ತಿ ತಿರುಗಿಸಿದಾಗ ಬರುವ ಉಜ್ಜುವ ಸದ್ದು. ಅಂದಕ್ಕಾಗಿ ಅಗಲ ಟೈರು ಹಾಕಿಸುವ, ಕಾರನ್ನು ತಗ್ಗಿಸುವ ಹುಚ್ಚು ಕಾಲೇಜು ಹುಡುಗರಲ್ಲಿ ಸಾಮಾನ್ಯ. ಹಾಗೆ ಹಾಕಿಸಿದ ಟೈರು ಒಳಗಿನ ಪ್ಲಾಸ್ಟಿಕ್ ಮರೆಗೆ ತಗುಲಿದರೆ ಸವೆದ ಹೊಳಪು ಗುರುತು ಕಾಣುತ್ತದೆ. ಬ್ರೇಕಿನ ರಬ್ಬರು ಕೊಳವೆಗೆ ತಗುಲಿದರೆ ಒಂದು ದಿನ ಆ ಕೊಳವೆ ತೂತಾಗಿ ಬ್ರೇಕೇ ಹೋಗಬಹುದು. ಇಂಥ ಗುರುತು ಕಂಡ ಕಾರನ್ನು ಅಲ್ಲಿಂದ ಮುಂದೆ ಓಡಿಸಬಾರದು. ಮಗನ ಹಟಕ್ಕೆ ಮಣಿದು ಟೈರಿಗೆ ದುಡ್ಡು ಕೊಡುವ ಮೊದಲು ಪೂರ್ತಿ ತಿರುಗಿಸಿದಾಗ ಎಷ್ಟು ಜಾಗ ಉಳಿಯುತ್ತದೆಂದು ತಂದೆಯೇ ಬಗ್ಗಿ ನೋಡುವುದು ಲೇಸು.

ಹಳೆಯ ಕಾರು ಕೊಳ್ಳುವವರಿಗೂ ಇದೇ ಪರೀಕ್ಷೆ ಉಪಯುಕ್ತ. ಮಾರುವವರು ಸಾಮಾನ್ಯವಾಗಿ ನೇರ ರಸ್ತೆಯಲ್ಲಿ ಓಡಿಸಿ ತೋರಿಸುತ್ತಾರೆ. ಕೊಳ್ಳುವವರು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ, ರೇಡಿಯೋ ಆರಿಸಿ, ನಿಧಾನವಾಗಿ ಎರಡು ಸುತ್ತು ಹಾಕಿಸಬೇಕು. ಮೆಕ್ಯಾನಿಕ್ಕನ ಬಳಿ ಹೋದಾಗಲೂ ‘ಏನೋ ಸದ್ದು ಬರುತ್ತದೆ’ ಎನ್ನುವುದರ ಬದಲು, ‘ಎಡಕ್ಕೆ ಪೂರ್ತಿ ತಿರುಗಿಸಿದಾಗ ಮಾತ್ರ, ಮಣ್ಣಿನ ಮೇಲೂ, ಬಲಗಡೆಯ ಮುಂಗಾಲಿಯಿಂದ, ಸುತ್ತಿಗೆ ಐದಾರು ಸಲ ಟಕ್ ಎನ್ನುತ್ತದೆ’ ಎಂದು ಹೇಳುವವರ ಕೆಲಸ ಬೇಗ ಆಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ.