ತಾತ ತರುವ ಪೆಪ್ಪರ್‌ಮೆಂಟು

ಆರ್.ಟಿ. ನಗರದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಮಗುವಿಗೆ ಈಗ ಹತ್ತು ತಿಂಗಳು. ಮಾವನವರು ಸಂಜೆ ವಾಕಿಂಗ್ ಮುಗಿಸಿ ಬರುವಾಗ ಮೊಮ್ಮಗನಿಗೆಂದು ಒಂದು ಪೆಪ್ಪರ್‌ಮೆಂಟನ್ನೋ, ಐದು ರೂಪಾಯಿಯ ಕುರುಕಲು ಪೊಟ್ಟಣವನ್ನೋ ತಪ್ಪದೆ ತರುತ್ತಾರಂತೆ. “ಒಳ್ಳೇ ಕಂಪನಿಯದಮ್ಮಾ, ಸರ್ಕಾರದ ಗುರುತೂ ಇದೆ, ಏನೂ ಆಗೋಲ್ಲ ಅಂತಾರೆ. ಬೇಡ ಅಂದರೆ ಹಿರಿಯರ ಮನಸ್ಸು ನೋಯುತ್ತೆ, ಸುಮ್ಮನಿದ್ದರೆ ನನಗೆ ಜೀವ ತಡೆಯೋಲ್ಲ” ಎಂದು ಕೇಳಿದ್ದಾರೆ.

ಸೋದರಿ, ನಾನು ಡಾಕ್ಟರಲ್ಲ, ಹೈಸ್ಕೂಲು ಓದಿ ಸಂಸಾರ ಮಾಡಿಕೊಂಡಿರುವವಳು. ಆದರೆ ಪೊಟ್ಟಣದ ಹಿಂದೆ ಅಚ್ಚಾಗಿರುವ ಸಣ್ಣ ಅಕ್ಷರ ಓದುವ ಚಟ ನನಗೆ ಬಹಳ ದಿನಗಳಿಂದ ಇದೆ.

ಬಣ್ಣದ ವಿಷಯ ಮೊದಲು ಹೇಳಿಬಿಡುತ್ತೇನೆ. 2024ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರ್ಕಾರ ಬೊಂಬಾಯಿ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕಬಾರದೆಂದು ನಿಷೇಧಿಸಿತು. ಆಗ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೊಟ್ಟ ಲೆಕ್ಕದಲ್ಲಿ ಬೊಂಬಾಯಿ ಮಿಠಾಯಿಯ 25 ಮಾದರಿಗಳ ಪೈಕಿ 15 ಕೆಟ್ಟವು, ಗೋಬಿಯ 171ರಲ್ಲಿ 107. ಕಂಡ ಬಣ್ಣಗಳಲ್ಲಿ ರೋಡಮೈನ್-ಬಿ ಒಂದು. ಅದು ಬಟ್ಟೆಗೆ ಹಾಕುವ ಬಣ್ಣ, ಯಾವ ತಿಂಡಿಗೂ ಹಾಕುವ ಹಾಗಿಲ್ಲ. ಬಣ್ಣವಿಲ್ಲದ ಬಿಳಿ ಬೊಂಬಾಯಿ ಮಿಠಾಯಿಗೆ ಮಾತ್ರ ಅಡ್ಡಿ ಮಾಡಲಿಲ್ಲ. ಮಕ್ಕಳಿಗೆ ಗುಲಾಬಿ ಬಣ್ಣದ್ದೇ ಬೇಕು, ಅದೇ ತೊಂದರೆ!

ಆದರೆ ನಿಮ್ಮ ಮಾವನವರು ತರುವುದು ಬೀದಿಯದಲ್ಲವಲ್ಲ, ಪೊಟ್ಟಣದ್ದು. ಅದರ ಮೇಲಿನ ಗುರುತು ಎಫ್.ಎಸ್.ಎಸ್.ಎ.ಐ.ನದು. ಆ ಗುರುತು, ನಂಬರು ಇದ್ದರೆ ತಯಾರಿಸಿದವರಿಗೆ ಲೈಸೆನ್ಸು ಇದೆ ಎಂದರ್ಥ. ಹತ್ತು ತಿಂಗಳ ಕೂಸಿಗೆ ತಿನ್ನಿಸಬಹುದು ಎಂದರ್ಥವಲ್ಲ. ಕಾಯಿದೆ ಒಪ್ಪಿದ ಬಣ್ಣಗಳನ್ನೇ ಮಿತಿಯಲ್ಲಿ ಹಾಕಿರಬಹುದು. ಐ.ಎನ್.ಎಸ್. 102, 110, 122 ಎಂಬ ಅಂಕಿಗಳು ಕಂಡರೆ ಅವು ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್. ಯೂರೋಪಿನಲ್ಲಿ ಈ ಬಣ್ಣಗಳಿರುವ ತಿಂಡಿಯ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು ಎಂದು 2010ರಿಂದ ಅಚ್ಚು ಹಾಕಲೇಬೇಕು. ಇನ್ನೊಂದು ಲೆಕ್ಕ ನೋಡಿ: ಮಗು 8 ಕಿಲೋ, ತಾತ 64 ಕಿಲೋ. ಮಗು ತಿಂದ ಒಂದು ಪೆಪ್ಪರ್‌ಮೆಂಟು ತಾತ ಎಂಟು ತಿಂದ ಹಾಗೆ.

ಇನ್ನು ಸಕ್ಕರೆ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚು ತೂಕ ಇದೆಯೋ ಅದನ್ನೇ ಮೊದಲು ಬರೆಯಬೇಕೆಂಬ ನಿಯಮವಿದೆ. ಪೆಪ್ಪರ್‌ಮೆಂಟಿನ ಪಟ್ಟಿ ಶುರುವಾಗುವುದೇ ಸಕ್ಕರೆಯಿಂದ, ಹಿಂದೆಯೇ ಲಿಕ್ವಿಡ್ ಗ್ಲೂಕೋಸ್. ಅದೂ ಸಕ್ಕರೆಯ ತಂಗಿಯೇ. ಎರಡು ವರ್ಷ ತುಂಬುವವರೆಗೆ ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆಂದೇ ಮಾರುವ ಡಬ್ಬಿಯಾದರೂ ಓದಿಯೇ ಕೊಳ್ಳಿ. 2024ರ ಏಪ್ರಿಲಿನಲ್ಲಿ ಸ್ವಿಟ್ಜರ್‌ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ, ಭಾರತದಲ್ಲಿ ಮಾರುವ ಸೆರೆಲಾಕ್‌ನಲ್ಲಿ ಒಂದು ಹೊತ್ತಿನ ಊಟಕ್ಕೆ ಸರಾಸರಿ 2.7 ಗ್ರಾಂ ಸೇರಿಸಿದ ಸಕ್ಕರೆ ಇದೆ, ಅವರ ದೇಶದಲ್ಲಿ ಹಾಗೆ ಸೇರಿಸುವುದಿಲ್ಲ ಎಂದು ಬಯಲು ಮಾಡಿತು. ನಾವು ಕಡಿಮೆ ಮಾಡುತ್ತಾ ಬಂದಿದ್ದೇವೆ ಎಂದು ಕಂಪನಿ ಉತ್ತರ ಕೊಟ್ಟು, ಆಮೇಲೆ ಸಕ್ಕರೆ ಹಾಕದ ಬಗೆಗಳನ್ನೂ ತರುವುದಾಗಿ ಹೇಳಿತು. ಓದಿ ಕೇಳುವವರು ಇದ್ದದ್ದಕ್ಕೆ ತಾನೇ!

ಕುರುಕಲು ಪೊಟ್ಟಣದಲ್ಲಿ ನೋಡಬೇಕಾದ್ದು ಸೋಡಿಯಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ಗೊತ್ತಾಗುತ್ತದೆ. ನೂರು ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಒಂದು ವರ್ಷದೊಳಗಿನ ಮಗುವಿಗೆ ಇಡೀ ದಿನಕ್ಕೆ, ಹಾಲಿನಲ್ಲಿರುವುದೂ ಸೇರಿ, 1 ಗ್ರಾಂ ಕೂಡ ದಾಟಬಾರದು.

ಇವೆಲ್ಲಾ ನಿಧಾನವಾಗಿ ಕೆಡಿಸುವಂಥವು. ನಿಮ್ಮ ಕಾಗದ ಓದಿ ನನಗೆ ನಿಜವಾಗಿ ಎದೆ ಹೊಡೆದುಕೊಂಡದ್ದು ಬೇರೆ ವಿಷಯಕ್ಕೆ. ಪೆಪ್ಪರ್‌ಮೆಂಟು ಗಟ್ಟಿ, ಗುಂಡಗೆ, ನುಣುಪು. ಹತ್ತು ತಿಂಗಳ ಮಗುವಿಗೆ ದವಡೆ ಹಲ್ಲಿಲ್ಲ, ಉಸಿರಿನ ಕೊಳವೆ ಬಹಳ ಸಣ್ಣದು. ನಗುತ್ತಲೋ ಅಳುತ್ತಲೋ ಒಂದು ಸಲ ಉಸಿರೆಳೆದರೆ ಸಾಕು. ಇಡೀ ಕಡಲೆಬೀಜ, ಹುರಿಗಡಲೆ, ಜೆಲ್ಲಿ ಮಿಠಾಯಿ, ಇಡೀ ದ್ರಾಕ್ಷಿ ಎಲ್ಲಕ್ಕೂ ಇದೇ ಮಾತು. ಮನೆಯ ಪದಾರ್ಥ ಎಂದಮಾತ್ರಕ್ಕೆ ಎಲ್ಲವೂ ಕೂಸಿಗೆ ಆಗುತ್ತದೆಂದಲ್ಲ. ಜೇನುತುಪ್ಪ ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಎಷ್ಟೋ ಮನೆಯಲ್ಲಿದೆ. ಅದರಲ್ಲಿರಬಹುದಾದ ಒಂದು ರೋಗಾಣುವಿನಿಂದ ಕೂಸುಗಳಿಗೆ ಬಾಟುಲಿಸಂ ಎಂಬ ಕಾಯಿಲೆ ಬರುತ್ತದೆ. ವರ್ಷ ತುಂಬುವವರೆಗೆ ಒಂದು ತೊಟ್ಟೂ ಬೇಡ.

ಹಾಗಾದರೆ ಮಾವನವರಿಗೆ ಏನು ಹೇಳುವುದು? ವಾದ ಮಾಡಬೇಡಿ. ಅವರಿಗೆ ಬೇಕಾದ್ದು ಪೆಪ್ಪರ್‌ಮೆಂಟಲ್ಲ, ಗೇಟಿನ ಸದ್ದಾದ ಕೂಡಲೇ ಮೊಮ್ಮಗ ಅಂಬೆಗಾಲಿಟ್ಟು ಓಡಿಬರುವುದು. ಅದನ್ನು ಯಾಕೆ ತಪ್ಪಿಸಬೇಕು? “ಮಾವಾ, ಬರ್ತಾ ಎರಡು ಏಲಕ್ಕಿ ಬಾಳೆಹಣ್ಣು ತನ್ನಿ, ಚೆನ್ನಾಗಿ ಕಳಿತಿರಲಿ. ನೀವೇ ಕಿವುಚಿ ತಿನ್ನಿಸಿ” ಅನ್ನಿ. ಮಕ್ಕಳ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಸೊಸೆ ಹೇಳಿದ್ದು ಕಿವಿಗೆ ಹೋಗದಿದ್ದರೂ ಡಾಕ್ಟರು ಹೇಳಿದ್ದು ಹೋಗುತ್ತದೆ.

ಮಗುವಿಗೆ ರಾಗಿ ಸರಿ ಮಾಡಿಡಿ. ರಾಗಿ ತೊಳೆದು ರಾತ್ರಿಯೆಲ್ಲಾ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಂತೆ ಹುರಿದು, ಬೀಸಿ, ತೆಳ್ಳನೆ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಗಂಟಿಲ್ಲದಂತೆ ಕಾಯಿಸಿ, ಸಿಹಿಗೆ ಬಾಳೆಹಣ್ಣು ಸೇರಿಸಿ. ಬೆಲ್ಲವೂ ಸಕ್ಕರೆಯ ಜಾತಿಯೇ.

ಕೊನೆಗೆ ಒಂದು ವಿಷಯ, ಮಾವನವರಿಗೂ ಓದಿ ಹೇಳಿ. ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರದೆ ಮುಖ ನೀಲಿಗಟ್ಟಿದರೆ, ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರಲಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಹೊಡೆಯಿರಿ. ಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಿ. ಪದಾರ್ಥ ಹೊರಬರುವ ತನಕ ಹೀಗೇ ಮಾಡುತ್ತಿರಿ. ಹೊಟ್ಟೆ ಒತ್ತಬೇಡಿ, ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ, ಅದು ಇನ್ನೂ ಒಳಕ್ಕೆ ಹೋಗುತ್ತದೆ. ಅಷ್ಟರಲ್ಲಿ ಮನೆಯವರೊಬ್ಬರು 108ಕ್ಕೆ ಫೋನು ಮಾಡಲಿ.